ಹಸಿರು ಬಳಿದದ್ದನ್ನು ಮುಟ್ಟುವುದಿಲ್ಲ ಎಂದವಳು ನಾನು

ಆ ನಕ್ಷೆ ನಮ್ಮ ಆಫೀಸಿಗೆ ಬಂದಾಗ ನನಗೆ ಐವತ್ತೆರಡು ವರ್ಷ. ಅದಾಗಿ ಹದಿನೇಳು ವರ್ಷ ಆಯಿತು. ಈಗ ಮೊಣಕಾಲು ಮಡಿಸಲು ಬರುವುದಿಲ್ಲ. ಜ್ಞಾಪಕ ಮಾತ್ರ ನೆಟ್ಟಗಿದೆ, ಅದೇ ತೊಂದರೆ.

ನಾನು ಓದಿದ್ದು ಮೂರನೇ ಕ್ಲಾಸು. ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತೇನೆ, ಇಂಗ್ಲಿಷು ಬರುವುದಿಲ್ಲ. ಇದನ್ನು ತಂಗಿಯ ಮೊಮ್ಮಗಳಿಗೆ ಹೇಳಿ ಬರೆಸಿದ್ದೇನೆ. ಅವಳಿಗೂ ಈಗ ಒಂದು ಆಫೀಸಿನಲ್ಲಿ ದಲಾಯತ್ ಕೆಲಸ ಸಿಕ್ಕಿದೆ. "ಅಜ್ಜಿ, ಕೆಲ್ಸ ಎಂಗಿರ್ತದೆ, ಒಸಿ ಹೇಳು" ಅಂದಳು. ಹೇಳುತ್ತೇನೆ, ಚಂದ ಮಾಡಿ ಬರೆಯಬೇಡ ಅಂದೆ. ಓದಿಸಿ ಕೇಳಿ, ಅವಳು ಸೇರಿಸಿದ್ದನ್ನೆಲ್ಲ ಹೊಡೆಸಿ ಹಾಕಿದ್ದೇನೆ.

ರಸ್ತೆಗೂ ಲೇಔಟಿಗೂ ಜನರ ಜಮೀನು ತೆಗೆದುಕೊಳ್ಳುವ ಆಫೀಸು ನಮ್ಮದು. ಮಹದೇವಪುರದ ಕಡೆ ಒಂದು ಗೋಡೌನಿನ ಮೇಲಿನ ಮಹಡಿಯಲ್ಲಿತ್ತು. ನನ್ನ ಗಂಡ ಅಲ್ಲಿ ಸರ್ವೆ ಚೈನು ಎಳೆಯುತ್ತಿದ್ದ. ಅವನು ಸತ್ತ ಮೇಲೆ ಅನುಕಂಪದ ಆಧಾರದಲ್ಲಿ ನನಗೆ ಕೆಲಸ ಕೊಟ್ಟರು. ಅನುಕಂಪ ಎನ್ನುವುದು ಆರ್ಡರಿನ ಕಾಗದದಲ್ಲಿ ಬರೆದಿರುತ್ತದೆ, ಆಫೀಸಿನೊಳಗೆ ಹುಡುಕಬೇಡಿ.

ದಲಾಯತ್ತಿಗೆ ಕುರ್ಚಿ ಇಲ್ಲ, ಸ್ಟೂಲು. ಬೆಳಿಗ್ಗೆ ಬೀಗ ತೆಗೆಯಬೇಕು, ಗುಡಿಸಬೇಕು, ನೀರು ತುಂಬಬೇಕು, ಬೆಲ್ಲು ಹೊಡೆದರೆ ಏಳಬೇಕು, ಫೈಲು ಹೊರಬೇಕು. ಸಾಹೇಬರ ಮನೆಯಿಂದ ಫೋನು ಬಂದರೆ ಮೀಟಿಂಗಿನಲ್ಲಿದ್ದಾರೆ ಅನ್ನಬೇಕು. ಇದೆಲ್ಲ ವಾರದಲ್ಲಿ ಬರುತ್ತದೆ. ಕಷ್ಟ ಇರುವುದು ಬೇರೆ ಕಡೆ. ಬಂದ ಜನ ಒಳಗಿರುವ ಸಾಹೇಬರನ್ನು ಕೇಳಲು ಹೆದರಿ, ಬಾಗಿಲಲ್ಲಿರುವ ನಿಮ್ಮನ್ನು ಕೇಳುತ್ತಾರೆ. ಅದನ್ನು ಯಾರೂ ಹೇಳಿಕೊಡುವುದಿಲ್ಲ.

ನಾನು ಸೇರಿದಾಗ ಆಫೀಸಿಗೆ ಕಂಪ್ಯೂಟರು ಬಂದಿರಲಿಲ್ಲ. ನಕ್ಷೆಯ ನಕಲು ಬೇಕೆಂದರೆ ಅಮೋನಿಯಾ ಪ್ರಿಂಟು. ಹಿಂದಿನ ಕೋಣೆಯಲ್ಲಿ ಒಂದು ಮಿಷನ್ನು. ಟ್ರೇಸಿಂಗ್ ಹಾಳೆಯ ಅಡಿಗೆ ಹಳದಿ ಕಾಗದ ಇಟ್ಟು ಒಳಗೆ ತಳ್ಳಬೇಕು, ಬೆಳಕು ತಾಗಿದ ಮೇಲೆ ಅಮೋನಿಯಾದ ಹಬೆ ಕೊಡಬೇಕು, ಆಗ ನೀಲಿ ಗೆರೆ ಮೂಡುತ್ತಿತ್ತು. ಆ ಹಬೆಗೆ ಕಣ್ಣಲ್ಲಿ ನೀರು, ಗಂಟಲಲ್ಲಿ ಉರಿ. ತಲೆಕೂದಲಿಗೆ ಹತ್ತಿದ ವಾಸನೆ ಸೀಗೆಕಾಯಿಗೂ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ಮುಚ್ಚಿಕೊಂಡು ಏಳುತ್ತಿದ್ದರು. ಕಾಲು ಚಾಚಿ ಕೂರುತ್ತಿದ್ದೆ, ಅಷ್ಟೇ ಲಾಭ.

ಹೊಸದರಲ್ಲಿ ಒಂದು ಟ್ರೇಸಿಂಗನ್ನು ಮಗುಚಿ ಹಾಕಿಬಿಟ್ಟೆ. ಅದರಲ್ಲಿ ಅಕ್ಷರ ಇರಲಿಲ್ಲ, ಬರೀ ಗೆರೆ. ಎಡಕ್ಕಿದ್ದ ಹಳ್ಳ ಬಲಕ್ಕೆ ಹೋಯಿತು, ಬಲಕ್ಕಿದ್ದ ಬಂಡಿದಾರಿ ಎಡಕ್ಕೆ ಬಂತು. ಸರ್ವೆಯವರು ಅದನ್ನೇ ಹಿಡಿದು ಜಿಗಣಿ ಕಡೆಯ ಒಂದು ಊರಿಗೆ ಹೋಗಿ, ಬಿಸಿಲಲ್ಲಿ ದಿನವೆಲ್ಲ ಇಲ್ಲದ ಹಳ್ಳ ಹುಡುಕಿ, ಸಂಜೆಗೆ ಮುಖ ಕಪ್ಪಗೆ ಮಾಡಿಕೊಂಡು ಬಂದರು. ನಕ್ಷೆ ಬರೆಯುವ ಶ್ರೀಕಂಠಯ್ಯನವರು ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿದರು.

"ಶಭಾಷ್ ನಂಜಮ್ಮ! ಒಂದೂರನ್ನೇ ದೋಸೆ ಮಗುಚ್ದಂಗೆ ಮಗುಚಿ ಹಾಕಿದೀಯಲ್ಲಮ್ಮ! ಚಟ್ನಿ ಎಲ್ಲಿ?"

ಎಲ್ಲರೂ ನಕ್ಕರು. ಮೆಮೊ ಕೊಡುತ್ತಾರೆಂದು ನಾನು ಬೆವರುತ್ತಿದ್ದೆ. ಅವರು ಮೆಮೊ ಬರೆಸಲಿಲ್ಲ. ಮಾರನೆಯ ದಿನದಿಂದ ಊಟದ ಹೊತ್ತಿನಲ್ಲಿ ಕೂರಿಸಿಕೊಂಡು ನಕ್ಷೆ ನೋಡುವುದನ್ನು ಹೇಳಿಕೊಟ್ಟರು. ನಾನು ಕಂಡ ಮೇಲಿನವರಲ್ಲಿ ಒಬ್ಬರು ಒಳ್ಳೆಯವರು ಎಂದು ಹೇಳಬೇಕಾದರೆ ಇವರನ್ನೇ ಹೇಳುತ್ತೇನೆ. ನೀಲಿ ಅಂದರೆ ನೀರು. ತುಂಡು ಗೆರೆ ಅಂದರೆ ಕಾಲುದಾರಿ. ಹಳದಿ ಬಳಿದರೆ ಆ ಜಮೀನು ಸರ್ಕಾರಕ್ಕೆ ಹೋಗುತ್ತದೆ. ಹಸಿರು ಬಳಿದರೆ ಗ್ರೀನ್ ಬೆಲ್ಟು, ಅದನ್ನು ಮುಟ್ಟುವುದಿಲ್ಲ, ಬೇಸಾಯಕ್ಕೆ ಬಿಟ್ಟಿರುತ್ತಾರೆ. ಇಷ್ಟಕ್ಕೆ ಇಂಗ್ಲಿಷು ಬೇಕಿರಲಿಲ್ಲ. ಇಪ್ಪತ್ತು ವರ್ಷ ನಾನು ನೋಡಿದ ನಕ್ಷೆಗಳಲ್ಲಿ ಇದು ಒಂದು ಸಲವೂ ತಪ್ಪಲಿಲ್ಲ. ಸುತ್ತಲ ಹಳ್ಳಿಯವರಿಗೂ ಇದು ಗೊತ್ತು. ನಮ್ಮದು ಗ್ರೀನ್ ಬೆಲ್ಟು, ಯೋಚನೆ ಇಲ್ಲ ಎಂದು ಟೀ ಅಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಹೇಳುವವರಿದ್ದರು.

ನೋಟಿಸು ಜಾರಿ ಮಾಡುವ ಕೆಲಸವೂ ನನ್ನ ಪಾಲಿಗೆ ಬಂತು. ಗಂಡಸು ದಲಾಯತ್ತು ಹೋದರೆ ಜನ ಹೊಡೆಯಲು ಬರುತ್ತಾರೆ, ಹೆಂಗಸಿಗೆ ಬೈದು ಬಿಡುತ್ತಾರೆ ಎನ್ನುವುದು ಆಫೀಸಿನ ಬುದ್ಧಿವಂತಿಕೆ. ಸರ್ಜಾಪುರದ ಈಚೆ ನಾನು ನಡೆಯದ ಬದು ಇಲ್ಲ. ನಾಯಿ ಕಚ್ಚಿದೆ, ಒಂದು ಕಡೆ ಮುಖದ ಮೇಲೆ ಸಗಣಿ ನೀರು ಚೆಲ್ಲಿದ್ದಾರೆ. ಎಷ್ಟೋ ನೋಟಿಸು ಸತ್ತವರ ಹೆಸರಿಗೆ ಬರುತ್ತಿದ್ದವು, ಖಾತೆ ಬದಲಾಗಿರುವುದಿಲ್ಲವಲ್ಲ. "ನಮ್ಮಪ್ಪ ಅಗೋ ಆ ಬೇವಿನ ಮರದ ಕೆಳ್ಗವ್ನೆ, ಓಗಿ ಕೊಟ್ಬುಟ್ ಬಾರಕ್ಕ" ಎಂದು ಒಬ್ಬ ಸಮಾಧಿ ತೋರಿಸಿದ. ತೆಗೆದುಕೊಳ್ಳದಿದ್ದರೆ ಬಾಗಿಲಿಗೆ ಅಂಟಿಸಿ, ಇಬ್ಬರ ರುಜು ಹಾಕಿಸಿಕೊಂಡು ಬರಬೇಕು. ಅಂಟು ಮಾತ್ರ ಆಫೀಸಿನದು ನೆಚ್ಚಬೇಡಿ, ಮನೆಯಿಂದ ಮೈದಾ ಕಾಯಿಸಿಕೊಂಡು ಹೋಗಿ.

ಕಂಪ್ಯೂಟರು ಬಂತು, ಅಮೋನಿಯಾ ಮಿಷನ್ನು ಗುಜರಿಗೆ ಹೋಯಿತು. ಶ್ರೀಕಂಠಯ್ಯನವರ ಪೆನ್ನು, ಬಣ್ಣ ಎಲ್ಲ ಡ್ರಾಯರಿಗೆ ಸೇರಿದವು. ನಕ್ಷೆಗಳನ್ನು ಪಟ್ಟಣದ ಯಾವುದೋ ಕಂಪನಿಯವರು ಮಾಡಿ ಕಳಿಸಲು ಶುರು ಮಾಡಿದರು. ಹಾಗೆ ಬಂದದ್ದು ಆ ನಕ್ಷೆ.

ನಾಲ್ಕು ಜನ ಹೊತ್ತು ಮೆಟ್ಟಿಲು ಹತ್ತಿದರು. ಗಾಜು ಹಾಕಿದ ಚೌಕಟ್ಟು, ಮಂಚದಷ್ಟು ಅಗಲ. ಅಂಥದ್ದನ್ನು ನಾನು ನೋಡಿರಲಿಲ್ಲ. ನಕ್ಷೆ ಅಂದರೆ ಗೆರೆ ಎಂದುಕೊಂಡಿದ್ದೆ, ಇದು ಚಿತ್ರ. ನಡುವೆ ಬೂದಿ ಬಣ್ಣದ ರಸ್ತೆ ಹಾವಿನ ಹಾಗೆ ಬಳುಕಿಕೊಂಡು ಹೋಗುತ್ತದೆ. ಎರಡೂ ಕಡೆ ಹಸಿರು, ಒಂದೊಂದು ಮರವನ್ನೂ ಬಿಡಿಬಿಡಿಯಾಗಿ ಬರೆದಿದ್ದಾರೆ. ಕೆರೆಯಲ್ಲಿ ಬಾತುಕೋಳಿ, ದೋಣಿ. ಚಡ್ಡಿ ಹಾಕಿಕೊಂಡು ಓಡುವವರು, ಸೈಕಲ್ಲು ತುಳಿಯುವವರು, ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋಗುವ ಒಬ್ಬ ಬಿಳೀ ಹೆಂಗಸು. ಅಷ್ಟು ದೊಡ್ಡ ಚಿತ್ರದಲ್ಲಿ ಒಂದು ಎಮ್ಮೆ ಇಲ್ಲ, ಒಂದು ತಿಪ್ಪೆ ಇಲ್ಲ, ಒಂದು ಮನೆ ಇಲ್ಲ. ಕೆಳಗೆ ಮೂಲೆಯಲ್ಲಿ ಸಣ್ಣ ಸಣ್ಣ ಬಣ್ಣದ ಚೌಕ ಮಾಡಿ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು.

ಆಗಿದ್ದ ಸಾಹೇಬರು ಚಿಕ್ಕ ವಯಸ್ಸಿನವರು. ಅವರಿಗಿಂತ ಮುಂಚೆ ಇದ್ದ ಸಾಹೇಬರು ಲಂಚಕ್ಕೆ ಕೈ ಒಡ್ಡುತ್ತಿದ್ದರು, ಆದರೆ ನೋಟಿಸನ್ನು ಜನರ ಮುಂದೆ ಗಟ್ಟಿಯಾಗಿ ಓದಿ ಅರ್ಥ ಹೇಳುತ್ತಿದ್ದರು. ಇವರು ಕೈ ಒಡ್ಡಲಿಲ್ಲ, ಅರ್ಥವನ್ನೂ ಹೇಳಲಿಲ್ಲ. ನಕ್ಷೆಯ ಮೇಲೆ ಅವರಿಗೆ ಬಹಳ ಪ್ರೀತಿ. "ನಂಜಮ್ಮ, ದಿನಾ ಗ್ಲಾಸ್ ಒರ್ಸಮ್ಮ, ಫಿಂಗರ್ ಪ್ರಿಂಟ್ ಕಾಣ್ಬಾರ್ದು. ಇದು ಬರೀ ರೋಡಲ್ಲ, ಪಾರ್ಕ್‌ವೇ. ಗೊತ್ತಾಯ್ತಾ?" ಅಂದರು. ಗೊತ್ತಾಯ್ತು ಅಂದೆ. ಏನು ಗೊತ್ತಾಯಿತು ಎಂದು ಅವರೂ ಕೇಳಲಿಲ್ಲ.

ರಸ್ತೆ ಹಾದುಹೋಗುವ ಊರುಗಳಲ್ಲಿ ಸೀಗೆಪಾಳ್ಯ ಒಂದು. ಅಲ್ಲಿಯ ಸ್ಕೂಲಿನ ಜಗಲಿಯಲ್ಲಿ ಸಭೆ ಮಾಡಿದರು. ಎರಡು ಬೆಂಚಿನ ಮೇಲೆ ನಕ್ಷೆ ನಿಲ್ಲಿಸಿ, ಬೀಳದಂತೆ ಹಿಂದಿನಿಂದ ನಾನು ಹಿಡಿದುಕೊಂಡಿದ್ದೆ. ಸಾಹೇಬರು ಅರ್ಧ ಗಂಟೆ ಮಾತಾಡಿದರು. ಊರವರು ಹತ್ತಿರ ಬಂದು ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ನಮ್ಮನೆಗಳು ಇದ್ರಾಗೆ ಎಲ್ಲವೆ ಸಾರ್?"

"ಇದು ಕಾನ್ಸೆಪ್ಟ್ ಕಣ್ರೀ. ಸರ್ವೆ ನಂಬರೆಲ್ಲ ನೋಟಿಸಲ್ಲಿರುತ್ತೆ."

ಒಬ್ಬ ಮುದುಕ ತಳ್ಳುಗಾಡಿಯ ಹೆಂಗಸಿನ ಮೇಲೆ ಬೆರಳಿಟ್ಟ. "ಅದ್ಸರಿ ಸಾಮಿ, ಈಯಮ್ಮ ಯಾರು? ನನ್ ರಾಗಿ ವೊಲದಾಗೆ ಮಗೀನ ಗಾಡೀಲಿ ತಳ್ಕೊಂಡು ಓಡಾಡ್ತಾವ್ಳಲ್ಲ? ಪೈರು ಮುರ್ದೋಗಲ್ವಾ?"

ಸಭೆಯೆಲ್ಲ ನಕ್ಕಿತು. ಸಾಹೇಬರೂ ನಕ್ಕರು. ಮುದುಕ ನಗಲಿಲ್ಲ.

ನಕ್ಷೆಯನ್ನು ಮತ್ತೆ ತಂದು ಆಫೀಸಿನ ಹೊರಗಿನ ಹಜಾರದಲ್ಲಿ, ನನ್ನ ಸ್ಟೂಲಿನ ಹಿಂದಿನ ಗೋಡೆಗೆ ನೇತುಹಾಕಿದರು. ನೋಟಿಸು ಹೊರಟವು. ತಕರಾರು ಇದ್ದವರು ಮೂವತ್ತು ದಿನದೊಳಗೆ ಅರ್ಜಿ ಕೊಡಬೇಕು. ಜನ ನೋಟಿಸು ಹಿಡಿದುಕೊಂಡು ಬರಲು ಶುರು ಮಾಡಿದರು. ಸಾಹೇಬರು ಇದ್ದರೆ ಮೀಟಿಂಗು, ಇಲ್ಲದಿದ್ದರೆ ಸೈಟು. ಗುಮಾಸ್ತರು ತಲೆ ಎತ್ತದೆ "ನೋಟಿಸಲ್ಲೇ ಇದೆ, ಓದ್ಕೊಳ್ರಿ" ಅನ್ನುತ್ತಿದ್ದರು. ಶ್ರೀಕಂಠಯ್ಯನವರು ಕಣ್ಣಿನ ಪೊರೆ ತೆಗೆಸಿಕೊಂಡು ರಜೆಯಲ್ಲಿದ್ದರು. ಉಳಿದವಳು ನಾನು.

ನನಗೆ ಆ ನೆಲ ಗೊತ್ತಿತ್ತು. ಕೆರೆ ಇಲ್ಲಿದೆ ಎಂದರೆ ಕೋಡಿ ಇಲ್ಲಿ, ಕೋಡಿಯಿಂದ ಮಾರಮ್ಮನ ಗುಡಿಗೆ ಇಷ್ಟು, ಗುಡಿಯಿಂದ ಇಂಥವರ ಹೊಲಕ್ಕೆ ಇಷ್ಟು ಎಂದು ಬೆರಳಿನಲ್ಲಿ ಅಳೆದು ತೋರಿಸುತ್ತಿದ್ದೆ. ಬೆರಳು ಬೂದಿ ಬಣ್ಣದ ಮೇಲೆ ಬಿದ್ದರೆ "ಓಯ್ತು, ಅರ್ಜಿ ಕೊಡು" ಅನ್ನುತ್ತಿದ್ದೆ. ಹಸಿರಿನ ಮೇಲೆ ಬಿದ್ದರೆ "ನಿಂದು ಗ್ರೀನ್ ಬೆಲ್ಟು, ಮುಟ್ಟಲ್ಲ" ಅನ್ನುತ್ತಿದ್ದೆ. ಜನ ಕೈ ಮುಗಿದು ಹೋಗುತ್ತಿದ್ದರು. ಒಬ್ಬರು ಇನ್ನೊಬ್ಬರಿಗೆ ಹೇಳಿ, ಬಂದವರು ನೇರ ನನ್ನ ಸ್ಟೂಲಿನ ಹತ್ತಿರಕ್ಕೇ ಬರತೊಡಗಿದರು. ನನಗೆ ಹೆಮ್ಮೆ ಇತ್ತು. ಸುಳ್ಳು ಹೇಳುವುದಿಲ್ಲ.

ಪಿಳ್ಳಮ್ಮ ಬಂದದ್ದು ಎರಡನೇ ವಾರ. ಸೀಗೆಪಾಳ್ಯದವಳು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ಗಂಡ ಇಲ್ಲ, ಮಕ್ಕಳಿಲ್ಲ. ಮಾವನ ಕಾಲದ ಜಮೀನಿನಲ್ಲಿ ಅವಳ ಭಾಗಕ್ಕೆ ಬಂದ ಹತ್ತು ಗುಂಟೆ. ಅದರಲ್ಲಿ ಒಂದು ಶೀಟಿನ ಮನೆ, ಪಕ್ಕದಲ್ಲಿ ಎರಡು ಬಾಡಿಗೆ ರೂಮು, ಉಳಿದಲ್ಲಿ ದಂಟು, ಕೊತ್ತಂಬರಿ, ಮೆಂತ್ಯ. ರೂಮುಗಳಲ್ಲಿ ಯಾದಗಿರಿ ಕಡೆಯ ಗಾರೆ ಕೆಲಸದವರು ಸಂಸಾರ ಮಾಡಿಕೊಂಡಿದ್ದರು. ಬೆಳಿಗ್ಗೆ ಸೊಪ್ಪು ಕಿತ್ತು ಕಟ್ಟು ಕಟ್ಟಿ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಕೂರುತ್ತಿದ್ದಳು. ನೋಟಿಸು ಕೊಡಲು ಹೋದಾಗೆಲ್ಲ ನೀರು ಕೊಟ್ಟವಳು ಅವಳೊಬ್ಬಳೇ.

"ನಂಜಕ್ಕ, ಇದ್ರಾಗೆ ನಮ್ ಮಾವನ ಎಸ್ರೈತಂತೆ" ಎಂದು ಕಾಗದ ನೀಡಿದಳು.

ಕೂಡಿಸಿ ಓದಿದೆ. ಸರ್ವೆ ನಂಬರು, ಅದರ ಮುಂದೆ 'ಪೈಕಿ' ಎಂದಿತ್ತು. "ಪೈಕಿ ಅಂದ್ರೆ ಪೂರ್ತಿ ಅಲ್ಲ ಕಣೆ, ಅದ್ರಲ್ಲಿ ಒಂದು ಭಾಗ" ಅಂದೆ. ಅವಳ ಮೈದುನನ ಮನೆ, ಹೊಲ ಅದೇ ನಂಬರಿನ ಇನ್ನೊಂದು ಭಾಗದಲ್ಲಿದ್ದವು. ನಕ್ಷೆಯಲ್ಲಿ ಅಳೆದೆ. ಬೂದಿ ಬಣ್ಣ ಮೈದುನನ ಮನೆಯ ಮೇಲೆ ಹೋಗಿತ್ತು. ಪಿಳ್ಳಮ್ಮನ ಮನೆ ಬರಬೇಕಾದ ಜಾಗದಲ್ಲಿ ಒಂದು ದಪ್ಪ ಮರ ಬರೆದಿದ್ದರು, ಅದರ ಕೆಳಗೆ ಬೆಂಚು.

"ರೋಡು ನಿನ್ ಮೈದುನಂದು ತಿಂತದೆ. ನಿಂದು ಗ್ರೀನ್ ಬೆಲ್ಟು."

"ದಿಟವಾಗ್ಲೂ? ಮೈದುನ ಅರ್ಜಿ ಕೊಡ್ತಾವ್ನೆ. ನನ್ನೂ ಬಾ ಅಂತಾವ್ನೆ."

"ಅವನ ಮನೆ ಓಯ್ತದೆ, ಕೊಡ್ತಾನೆ. ನಿಂಗ್ಯಾಕೆ? ಸುಮ್ಕಿರೋದು ಬುಟ್ಟು ಅರ್ಜಿ ಕೊಟ್ರೆ, ಇದ್ಯಾವ್ದಪ್ಪ ಇದು ಅಂತ ತಗ್ದು ನೋಡ್ತಾರೆ. ಮಲ್ಗಿರೋ ನಾಯೀನ ಯಾಕ್ ತುಳೀತೀಯ?"

ಅವಳು ನಕ್ಕಳು. "ನೀನು ಯೋಳಿದ್ ಮ್ಯಾಕೆ ಮುಗೀತು ಬಿಡು" ಎಂದು ಕಾಗದವನ್ನು ಮಡಿಸಿ ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡು ಹೋದಳು.

ಮೂವತ್ತು ದಿನ ಮುಗಿಯಿತು. ಎರಡು ದಿನ ಬಿಟ್ಟು ಶ್ರೀಕಂಠಯ್ಯನವರು ಕಪ್ಪು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಬಂದರು. ದಿನ ಮುಗಿದ ಮೇಲೆ ನೋಟಿಸು ಹಿಡಿದು ಬಂದ ಒಬ್ಬ ಗಂಡಸಿಗೆ ನಾನು ನಕ್ಷೆ ತೋರಿಸುತ್ತಿದ್ದೆ. ಅವನು ಹೋದ ಮೇಲೆ ಅವರು ಹತ್ತಿರ ಬಂದರು.

"ಏನಮ್ಮ ಹೇಳಿದೆ ಅವನಿಗೆ?"

"ಅಸ್ರು ಅಂದೆ ಸಾರ್. ಮುಟ್ಟಲ್ಲ ಅಂದೆ."

ಅವರು ಕನ್ನಡಕ ತೆಗೆದರು. ಕೆಂಪಗಿದ್ದ ಕಣ್ಣಿನಲ್ಲಿ ಮೂಲೆಯ ಇಂಗ್ಲಿಷನ್ನು ಹತ್ತಿರದಿಂದ ಓದಿದರು. ಬಹಳ ಹೊತ್ತು ತೆಗೆದುಕೊಂಡರು.

"ಅಯ್ಯೋ ನಂಜಮ್ಮ. ಇದು ನಮ್ಮ ಹಸಿರಲ್ಲ ಕಣಮ್ಮ. ಪಾರ್ಕ್‌ವೇ ಅಂದ್ರೆ ರೋಡೂ ಹೋಗುತ್ತೆ, ಪಕ್ಕದ ಪಾರ್ಕಿನ ಜಾಗಾನೂ ಹೋಗುತ್ತೆ. ರೋಡಿಗಿಂತ ಜಾಸ್ತಿ ಜಾಗ ಹಸಿರಿಗೇ ಬೇಕು. ಬೂದಿ, ಹಸಿರು ಎರಡೂ ತಗೊಳ್ತಾರೆ. ಎಷ್ಟು ಜನಕ್ಕೆ ಹೇಳಿದೀಯ?"

ಎಷ್ಟು ಜನಕ್ಕೆ ಹೇಳಿದ್ದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹೆಸರು ಬರೆದುಕೊಂಡಿರಲಿಲ್ಲ. ಮುಖ ಜ್ಞಾಪಕ ಇದ್ದವರ ಮನೆಗೆ ಆ ವಾರವೆಲ್ಲ ನಡೆದೆ. ಮೊದಲು ಹೋದದ್ದು ಪಿಳ್ಳಮ್ಮನ ಮನೆಗೆ, ಅವತ್ತೇ ಮಧ್ಯಾಹ್ನ ರಜೆ ಹಾಕಿ. ಅವಳು ಸೊಪ್ಪಿನ ಮಡಿಗೆ ನೀರು ಕಟ್ಟುತ್ತಿದ್ದಳು. ಬದುವಿನ ಮೇಲೆ ನಿಂತೇ ಹೇಳಿದೆ. ಕೂತು ಹೇಳಿದರೂ ಮಾತು ಅದೇ.

"ತಪ್ ಯೋಳ್ಬುಟ್ಟೆ ಪಿಳ್ಳಮ್ಮ. ಅಸ್ರಿರೋದೂ ಓಯ್ತದಂತೆ. ನಿನ್ ಮನೆ ಓಯ್ತದೆ."

ಅವಳು ಗುದ್ದಲಿಯನ್ನು ನೆಲಕ್ಕೆ ಊರಿ ನಿಂತಳು. ನೀರು ಮಡಿ ತುಂಬಿ ಪಕ್ಕದ ಮಡಿಗೆ ಒಡೆದುಕೊಂಡು ಹೋಯಿತು. ತಿರುಗಿಸಲಿಲ್ಲ.

"ಯಾವಾಗ್ ಗೊತ್ತಾಯ್ತು?"

"ಇವತ್ತು."

"ದಿನ ಮುಗುದ್ ಮ್ಯಾಕೆ."

"ಊಂ."

ಮಾರನೆಯ ದಿನ ಅರ್ಜಿ ಬರೆಯುವವನ ಹತ್ತಿರ ಬರೆಸಿಕೊಂಡು ಆಫೀಸಿಗೆ ಬಂದಳು. ಬಂದ ಅರ್ಜಿಗಳಿಗೆ ಸ್ವೀಕೃತಿ ಸೀಲು ಒತ್ತುವುದು ನಾನೇ. ತಾರೀಖಿನ ಸೀಲು ಎಂದರೆ ಏನೂ ಅಲ್ಲ, ರಬ್ಬರಿನ ಮೂರು ಪಟ್ಟಿ, ಉಗುರಿನಲ್ಲಿ ತಿರುಗಿಸಿದರೆ ತಿರುಗುತ್ತದೆ. ಪಿಳ್ಳಮ್ಮ ಓದಿದವಳಲ್ಲ. ಆದರೆ ಅದು ತಿರುಗುವುದನ್ನು ನೋಡಿದಳು. ಹಜಾರದಲ್ಲಿ ನಾವಿಬ್ಬರೇ ಇದ್ದೆವು.

"ಅದು ಇಂದಕ್ಕೂ ತಿರ್ಗ್ತದಾ ನಂಜಕ್ಕ?"

"ತಿರ್ಗ್ತದೆ."

"ನಾಕು ದಿನ ಇಂದಕ್ ತಿರ್ಗ್ಸಿ ಒತ್ತು."

"ರಿಜಿಸ್ಟರಲ್ಲಿ ಆ ದಿನದ್ದು ಗೆರೆ ಒಡ್ದು ಸಾಹೇಬ್ರು ಸಹಿ ಆಕವ್ರೆ. ಸಿಕ್ಕಾಕೊಂಡ್ರೆ ನನ್ ಕೆಲ್ಸ ಓಯ್ತದೆ ಕಣೆ."

"ನಿನ್ ಮಾತ್ ಕೇಳಿ ನನ್ ಮನೆ ಓಯ್ತಾ ಐತೆ."

ಜಗಳ ಮಾಡುವ ದನಿ ಅಲ್ಲ. ಸೊಪ್ಪಿನ ದರ ಹೇಳಿದ ಹಾಗೆ ಹೇಳಿದಳು. ನಾನು ಅವತ್ತಿನ ತಾರೀಖನ್ನೇ ಒತ್ತಿದೆ. ಪೆನ್ಷನ್ನಿಗೆ ಎಂಟು ವರ್ಷ ಇತ್ತು. ಹಿಂದಿನ ತಾರೀಖು ಒತ್ತಿದ್ದರೆ ಸಿಕ್ಕಿಬೀಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಬೇರೆಯವರು ಒತ್ತಿದ್ದನ್ನು ನೋಡಿದ್ದೇನೆ, ಏನೂ ಆಗಿಲ್ಲ. ಹೊಸಬರು ಸೀಲಿನ ವಿಷಯದಲ್ಲಿ ನೆಟ್ಟಗಿರಿ ಎಂದು ನಾನು ಹೇಳಬೇಕು, ಹೇಳಿದ್ದೇನೆ. ಆದರೆ ಅವತ್ತು ನನ್ನ ಕೈ ತಡೆದದ್ದು ನಿಯತ್ತಲ್ಲ, ಭಯ. ಅದನ್ನೂ ಬರೆದುಕೊಳ್ಳಿ.

ಗುಮಾಸ್ತರು ಆ ಅರ್ಜಿಯ ಮೇಲೆ 'ಅವಧಿ ಮೀರಿದೆ' ಎಂದು ಕೆಂಪು ಶಾಯಿಯಲ್ಲಿ ಬರೆದು ಫೈಲಿಗೆ ಹಾಕಿದರು.

ಅರ್ಜಿ ಕೊಟ್ಟವರ ವಿಚಾರಣೆ ಆಯಿತು. ಮನೆ ಕಟ್ಟಿಕೊಂಡು ವಾಸವಿದ್ದವರಲ್ಲಿ ಬಹಳ ಜನರ ಜಾಗ ತೆಗೆದುಕೊಳ್ಳದೆ ಕೈಬಿಟ್ಟರು. ಪಿಳ್ಳಮ್ಮನ ಮೈದುನನ ಮನೆ ಉಳಿಯಿತು. ಬೂದಿ ಬಣ್ಣ ಬಳಿದಿದ್ದ ಮನೆ ಉಳಿಯಿತು, ಮರ ಬರೆದಿದ್ದ ಮನೆ ಉಳಿಯಲಿಲ್ಲ. ರಸ್ತೆಯನ್ನು ಅಲ್ಲಿ ಸ್ವಲ್ಪ ಸೊಟ್ಟ ಮಾಡಿದ್ದೇವೆ ಎಂದು ಸಾಹೇಬರು ಹೇಳಿದರು. ಆ ಸೊಟ್ಟ ಪಿಳ್ಳಮ್ಮನ ಕಡೆಗೇ ಬಂತು.

ಒಂದು ಸಲ ಧೈರ್ಯ ಮಾಡಿ ಸಾಹೇಬರ ಮುಂದೆ ನಿಂತೆ. "ಸಾರ್, ಆ ಯಮ್ಮ ಟೈಮಿಗೆ ಅರ್ಜಿ ಕೊಡ್ದೇ ಇರೋದಕ್ಕೆ ನಾನೇ ಕಾರಣ. ನಕ್ಷೆ ನೋಡಿ ಬೇಡ ಅಂದೆ."

ಅವರು ಲ್ಯಾಪ್‌ಟಾಪಿನಿಂದ ಕಣ್ಣು ಎತ್ತಿದರು. "ನಿನ್ನ ಯಾರಮ್ಮ ಹೇಳು ಅಂದಿದ್ದು? ನಾವು ಹೇಳಿದ್ವಾ? ಪಬ್ಲಿಕ್‌ಗೆ ಡಿಸ್‌ಪ್ಲೇ ಮಾಡಿದೀವಿ, ಕೆಳಗೆ ಎಲ್ಲಾ ಕ್ಲಿಯರ್ ಆಗಿ ಬರ್ದಿದೆ."

"ಇಂಗ್ಲಿಷಲ್ ಬರ್ದೈತಂತೆ ಸಾರ್."

"ಅದಕ್ಕೇ ಓದೋಕೆ ಬರ್ದೇ ಇರೋರು ಹೇಳ್ಬಾರ್ದು ಅನ್ನೋದು. ಹೋಗಮ್ಮ. ಇದನ್ನ ಇನ್ನೊಬ್ರ ಹತ್ರ ಹೇಳ್ಬೇಡ, ನಿನಗೇ ತೊಂದ್ರೆ."

ನನ್ನ ಒಳ್ಳೆಯದಕ್ಕೇ ಹೇಳಿದರು. ಬೇರೆ ಸಾಹೇಬರು ಯಾರಾದರೂ ಆಗಿದ್ದರೆ ಸಸ್ಪೆಂಡು ಮಾಡುತ್ತಿದ್ದರು.

ಆ ರಸ್ತೆ ಇವತ್ತಿಗೂ ಆಗಿಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಆಗಿರಬಹುದು ಎಂದು ಓದುವವರು ಕಾಯಬಾರದು. ತೆಗೆದುಕೊಂಡ ಜಾಗಕ್ಕೆ ತಂತಿ ಹಾಕಿದರು. ತಂತಿಯನ್ನು ಕದ್ದರು. ಈಗ ಅಲ್ಲಿ ಕಟ್ಟಡ ಕೆಡವಿದ ಕಲ್ಲುಮಣ್ಣು ಸುರಿಯುತ್ತಾರೆ, ಕಾಂಗ್ರೆಸ್ ಗಿಡ ಎದೆಯೆತ್ತರ ಬೆಳೆದಿದೆ. ಹಸಿರಾಗಿದೆ, ಇಲ್ಲ ಅನ್ನುವುದಿಲ್ಲ.

ಅರ್ಜಿ ಕೊಟ್ಟು ಎರಡು ವರ್ಷದ ಮೇಲೆ ಸೀಗೆಪಾಳ್ಯದಲ್ಲಿ ಜಾಗ ಸ್ವಾಧೀನಕ್ಕೆ ತೆಗೆದುಕೊಳ್ಳುವ ದಿನ ಬಂತು. ಆ ಕೆಲಸಕ್ಕೆ ಹೋಗುವಾಗ ಹೆಂಗಸು ಸಿಬ್ಬಂದಿಯನ್ನು ಜೊತೆಗೆ ಕರೆದುಕೊಂಡು ಹೋಗುವುದು ಪದ್ಧತಿ. ಮನೆಯೊಳಗೆ ಹೆಂಗಸರಿದ್ದರೆ ಗಂಡಸರು ಕೈಹಿಡಿದು ಎಳೆಯಬಾರದು, ಕೇಸಾಗುತ್ತದೆ. ಎಳೆಯುವ ಕೈ ನಮ್ಮದು. ಪಟ್ಟಿಯಲ್ಲಿ ನನ್ನ ಹೆಸರಿತ್ತು. ಸಾಹೇಬರನ್ನು ಕೇಳಿ ತೆಗೆಸಿಕೊಳ್ಳಬಹುದಿತ್ತು. ಕೇಳಲಿಲ್ಲ. ಬೇರೆಯವಳು ಹೋದರೆ ಎಳೆದೇ ಎಳೆಯುತ್ತಾಳೆ ಎಂದುಕೊಂಡೆ.

ಜೆಸಿಬಿ, ಪೊಲೀಸಿನವರು, ನಮ್ಮವರು. ಬಾಡಿಗೆಯವರು ಆಗಲೇ ಪಾತ್ರೆಪಡಗ, ಶೀಟು ಬಿಚ್ಚಿಕೊಂಡು ರಸ್ತೆಯಲ್ಲಿ ಆಟೋ ಕಾಯುತ್ತಿದ್ದರು. ಅವರಲ್ಲಿ ಒಬ್ಬ ಹೆಂಗಸು ಎಳೇ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. "ಎಲ್ಲಿಗ್ ಹೊಂಟೀರವ್ವ?" ಅಂದೆ. "ಎಲ್ಲಿ ಕೆಲ್ಸ ಐತಿ ಅಲ್ಲಿಗ್ರಿ, ನಮಗೇನ್ರಿ. ಆಯಿ ಒಳಗದಾಳ, ನೋಡ್ರಿ" ಅಂದಳು.

ಬಾಗಿಲು ತೆರೆದೇ ಇತ್ತು. ಪಿಳ್ಳಮ್ಮ ಒಲೆಯ ಮುಂದೆ ಕೂತಿದ್ದಳು. ಎಸರು ಕುದಿಯುತ್ತಿತ್ತು, ಪಕ್ಕದಲ್ಲಿ ರಾಗಿಹಿಟ್ಟು ಅಳೆದು ಇಟ್ಟುಕೊಂಡಿದ್ದಳು.

"ಬಾ. ನಿನ್ನೇ ಕಳಿಸ್ತಾರೆ ಅಂತ ಗೊತ್ತಿತ್ತು."

"ಏಳು ಪಿಳ್ಳಮ್ಮ. ಕೈ ಇಡ್ಸ್‌ಬೇಡ."

"ಮುದ್ದೆ ಕಟ್ಬುಡ್ತೀನಿ, ಇರು. ಇಟ್ಟು ದಂಡ ಆಯ್ತದೆ."

ಹೊರಗಿನಿಂದ ಇನ್‌ಸ್ಪೆಕ್ಟರು ಕೂಗಿದರು. ಐದು ನಿಮಿಷ ಸಾರ್ ಅಂದೆ. ಅವಳು ಹಿಟ್ಟು ಹಾಕಿ ಕೋಲಿನಲ್ಲಿ ತೊಳಸಿ ಎರಡು ಮುದ್ದೆ ಕಟ್ಟಿದಳು. ಯಾಕೆ ಎರಡು ಎಂದು ಕೇಳಲಿಲ್ಲ. ತಟ್ಟೆಗೆ ಹಾಕಿ, ಮೇಲೊಂದು ತಟ್ಟೆ ಮುಚ್ಚಿ, ಬಟ್ಟೆಯಲ್ಲಿ ಗಂಟು ಕಟ್ಟಿದಳು. ಒಲೆಗೆ ನೀರು ಹಾಕಿದಳು. ಪಾತ್ರೆಗಳನ್ನು ನಾನೂ ಅವಳೂ ಹೊತ್ತು ಹೊರಗಿಟ್ಟೆವು. ಅವಳ ಮೈದುನ ತನ್ನ ಜಗಲಿಯ ಮೇಲೆ ನಿಂತು ನೋಡುತ್ತಿದ್ದ, ಇಳಿದು ಬರಲಿಲ್ಲ.

ಜೆಸಿಬಿ ಸೊಪ್ಪಿನ ಮಡಿಗಳ ಮೇಲೆ ಹಾದು ಬಂತು. ಮನೆ ಬೀಳಲು ಬಹಳ ಹೊತ್ತು ಬೇಕಾಗಲಿಲ್ಲ. ಮಹಜರು ಬರೆದರು. ಶಾಂತ ರೀತಿಯಲ್ಲಿ ಸ್ವಾಧೀನ ಬಿಟ್ಟುಕೊಟ್ಟಿದ್ದಾರೆ ಎಂದು ಅದರಲ್ಲಿ ಬರೆದಿತ್ತು. ಓದಿ ಹೇಳಿದರು. ಸಾಕ್ಷಿ ರುಜು ಹಾಕು ಅಂದರು. ಹಾಕಿದೆ. ನಂಜಮ್ಮ, ದಲಾಯತ್. ಪಿಳ್ಳಮ್ಮ ಪಕ್ಕದಲ್ಲೇ ನಿಂತಿದ್ದಳು.

"ನಂಜಕ್ಕ, ನೀನು ಒಳ್ಳೇದಕ್ಕೇ ಯೋಳ್ದೆ ಅಂತ ಊರ್ಗೆಲ್ಲ ಯೋಳಿವ್ನಿ" ಅಂದಳು. "ನಂಗೇ ಯೋಳ್ಕಳಕ್ ಆಯ್ತಿಲ್ಲ."

ಅಕ್ಕನ ಮಗಳ ಮನೆಗೆ ಹೊಸಕೋಟೆ ಕಡೆ ಹೋಗುತ್ತೇನೆ ಅಂದಳು. ಬಸ್ಸಿನವರೆಗೆ ಪಾತ್ರೆಯ ಗಂಟು ಹೊತ್ತುಕೊಂಡು ಹೋದೆ. ಹತ್ತಿ ಕೂತಳು. ತಟ್ಟೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ನನಗೆ ಕೊಡಲಿಲ್ಲ. ಅದಾದ ಮೇಲೆ ನಾನು ಅವಳನ್ನು ನೋಡಿಲ್ಲ. ಹುಡುಕಿದ್ದರೆ ಸಿಗುತ್ತಿದ್ದಳು.

ಮಾರನೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ಆಫೀಸಿನ ಬೀಗ ತೆಗೆಯಲು ಹೋದೆ. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು, ಕೈಯಲ್ಲಿ ನೋಟಿಸು. ಬೇರೆ ಊರಿನದು, ಬೇರೆ ಯಾವುದೋ ರಸ್ತೆಯದು. ನಾನು ಬೀಗ ತೆಗೆದು, ಗುಡಿಸಿ, ನೀರು ತುಂಬುವವರೆಗೂ ಬಾಗಿಲಲ್ಲೇ ನಿಂತಿದ್ದು ಆಮೇಲೆ ಹತ್ತಿರ ಬಂದಳು.

"ಅಕ್ಕ, ನೀವೇ ನೋಡಿ ಯೋಳ್ತೀರಂತೆ. ನಮ್ದು ಓಯ್ತದಾ ನೋಡ್ರಿ."

"ನಂಗೆ ಓದಕ್ ಬರಲ್ಲ. ಒಳ್ಗೆ ಕೇಳು."

"ಒಳ್ಗೆ ಯಾರೂ ಇಲ್ವಲ್ಲಕ್ಕ."

"ಬತ್ತಾರೆ."

ಹನ್ನೆರಡರವರೆಗೆ ಕೂತಳು. ಯಾರೂ ಬರಲಿಲ್ಲ. ನೋಟಿಸನ್ನು ಮಡಿಸಿ ಮೆಟ್ಟಿಲು ಇಳಿದು ಹೋದಳು. ನಾನು ಕರೆಯಲಿಲ್ಲ. ಮೂವತ್ತು ದಿನದಲ್ಲಿ ಅವಳಿಗೆ ಅದು ಎಷ್ಟನೆಯ ದಿನ ಎಂದೂ ಕೇಳಲಿಲ್ಲ.